ಕೈ ಬೀಸಿ ಆಡುವ ಕ್ರೀಡಾ ಗೇಮ್‌ಗಳಲ್ಲಿ ಕಾಲಿಗೆ ಕೆಲಸವೇ ಇಲ್ಲ, ನಿಮಗೂ ಹಾಗೇ ಅನ್ನಿಸಿದೆಯಾ?

ಶಟಲ್ ಅಪ್ಪ (ಮಲ್ಲೇಶ್ವರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಬಿಸಿಲಿಗೆ ಹೊರಗೆ ಬಿಡುವುದು ಬೇಡ ಎಂದು ಮನೆಗೆ ಒಂದು ಗೇಮ್ ತಂದೆವು. ರಿಮೋಟ್ ಹಿಡಿದು ಕೈ ಬೀಸಿದರೆ ಟಿವಿಯಲ್ಲಿ ಟೆನಿಸ್, ಶಟಲ್, ಬೌಲಿಂಗ್ ಎಲ್ಲ ಆಡಬಹುದಲ್ಲ, ಆ ತರಹದ್ದು. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ನೆಂಟರ ಮನೆಯಲ್ಲಿ ಬೇರೆ ಕಂಪನಿಯದನ್ನೂ ಆಡಿ ನೋಡಿದ್ದೇನೆ, ನಾನು ಹೇಳುವ ದೂರು ಅದಕ್ಕೂ ಸಲ್ಲುತ್ತದೆ.

ಮೊದಲ ವಾರ ಮನೆಯಲ್ಲಿ ಹಬ್ಬ. ನನ್ನ ಅಮ್ಮ ಕೂಡ ಆಡಿದರು. ಮಗಳು ಎರಡೇ ದಿನದಲ್ಲಿ ಶಟಲ್‌ನಲ್ಲಿ ನನ್ನನ್ನು ಸೋಲಿಸಲು ಶುರು ಮಾಡಿದಳು. ನಾನು ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಕೋರ್ಟಿಗೆ ಹೋಗುವವನು. ಇದು ಹೇಗೆ ಎಂದು ಗಮನವಿಟ್ಟು ನೋಡಿದೆ. ನಾನು ಪೂರ್ತಿ ತೋಳು ಎತ್ತಿ, ಒಂದು ಹೆಜ್ಜೆ ಹಿಂದಿಟ್ಟು ಹೊಡೆಯುತ್ತಿದ್ದೆ. ಅವಳು ಸೋಫಾದಲ್ಲಿ ಕಾಲು ಮಡಚಿ ಕೂತು ಮಣಿಕಟ್ಟನ್ನು ಇಷ್ಟೇ ಇಷ್ಟು ತಿರುಗಿಸುತ್ತಿದ್ದಳು. ಅಷ್ಟಕ್ಕೇ ಟಿವಿಯೊಳಗಿನ ಗೊಂಬೆ ಓಡಿ ಹೋಗಿ, ಜಿಗಿದು ಸ್ಮ್ಯಾಶ್ ಹೊಡೆಯುತ್ತದೆ. ನನ್ನ ದೊಡ್ಡ ಬೀಸು ಮುಗಿಯುವ ಹೊತ್ತಿಗೆ ಶಟಲ್ ಹಿಂದೆ ಬಿದ್ದಿರುತ್ತದೆ.

ಸರಿ, ಆಟ ತಾನೇ ಎಂದು ಬಿಟ್ಟೆ. ಆದರೆ ಜೂನ್‌ನಲ್ಲಿ ಅವಳನ್ನು ನಿಜವಾದ ಕೋಚಿಂಗ್‌ಗೆ ಸೇರಿಸಿದಾಗ ಕೋಚ್ ಮೂರನೇ ದಿನವೇ ಕೇಳಿದರು, "ಈ ಮಗು ನಿಂತಲ್ಲೇ ನಿಂತು ಶಟಲ್ ತನ್ನ ಹತ್ತಿರ ಬರಲಿ ಎಂದು ಕಾಯುತ್ತಾಳಲ್ಲ, ಯಾಕೆ?" ನನಗೆ ಆಗಲೇ ಗೊತ್ತಾಯಿತು. ಗೇಮ್‌ನಲ್ಲಿ ಗೊಂಬೆ ತಾನೇ ಓಡುತ್ತದೆ. ಶಟಲ್ ಬಿದ್ದ ಕಡೆ ಹೋಗುವುದು ನಮ್ಮ ಕೆಲಸ ಎಂಬುದೇ ಅವಳ ತಲೆಯಲ್ಲಿ ಇಲ್ಲ.

ಶಟಲ್ ಎಂದರೆ ಕಾಲಿನ ಆಟ. ಸಿಂಗಲ್ಸ್ ಕೋರ್ಟ್‌ನಲ್ಲಿ ನಿಮ್ಮ ಪಾಲಿಗೆ ಬರುವುದು ಸುಮಾರು 6.7 ಮೀಟರ್ ಉದ್ದ, 5.18 ಮೀಟರ್ ಅಗಲ. ಅಷ್ಟನ್ನೂ ಕಾಯಬೇಕು. ಮೂಲೆಗೆ ಹೋಗಿ ಹೊಡೆದು ಮತ್ತೆ ನಡುವಿಗೆ ಬರಬೇಕು. ನಮ್ಮ ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಎಂಬ ದೊಡ್ಡ ಶಟಲ್ ಪಂದ್ಯಾವಳಿ ಗೆದ್ದರು. ಅವರ ಮಣಿಕಟ್ಟನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ಮಣಿಕಟ್ಟನ್ನು ಶಟಲ್ ಹತ್ತಿರ ತಲುಪಿಸಿದ್ದು ಕಾಲು, ಅಲ್ವಾ?

ಗೇಮ್ ಕೆಟ್ಟದ್ದು ಎನ್ನುತ್ತಿಲ್ಲ. ಹೊಡೆತ ಯಾಕೆ ತಪ್ಪಿತು ಎಂದು ಅದು ಒಂದು ಸಲವೂ ಹೇಳುವುದಿಲ್ಲ, ನನ್ನ ದೂರು ಅದು. ಬೇಗ ಬೀಸಿದೆಯಾ, ತಡವಾಯಿತಾ, ಕೋನ ತಪ್ಪಾ, ಏನೂ ಇಲ್ಲ. ಗೆದ್ದರೆ ಬಣ್ಣದ ಕಾಗದ ಹಾರುತ್ತದೆ, ಸೋತರೆ ಗೊಂಬೆ ತಲೆ ತಗ್ಗಿಸುತ್ತದೆ. ಮಗು ಇದರಿಂದ ಏನು ಕಲಿಯಬೇಕು? ನಿಮ್ಮ ಮನೆಗಳಲ್ಲಿ ಹೇಗಿದೆ, ಹೇಳಿ.

ಸೆನ್ಸರ್ ಕೆಲಸ (ಪೀಣ್ಯ)

ಸರ್, ನಾನು ಇದೇ ಜಾತಿಯ ಸೆನ್ಸರ್‌ಗಳ ಜೊತೆ ಕೆಲಸ ಮಾಡುತ್ತೇನೆ, ಗೇಮ್‌ನಲ್ಲಿ ಅಲ್ಲ, ಯಂತ್ರಗಳಲ್ಲಿ. ನಿಮ್ಮ ಮಗಳು ಕೂತು ಗೆಲ್ಲುವುದಕ್ಕೆ ಕಾರಣ ಇದೆ.

ರಿಮೋಟ್ ಒಳಗೆ ಸಾಮಾನ್ಯವಾಗಿ ಎರಡು ಇರುತ್ತವೆ. ಒಂದು ಆಕ್ಸಿಲೆರೋಮೀಟರ್, ವೇಗ ಎಷ್ಟು ಬೇಗ ಬದಲಾಯಿತು ಎಂದು ಅಳೆಯುತ್ತದೆ. ಇನ್ನೊಂದು ಗೈರೋಸ್ಕೋಪ್, ಎಷ್ಟು ಜೋರಾಗಿ ತಿರುಗಿತು ಎಂದು ಅಳೆಯುತ್ತದೆ. ರಿಮೋಟ್ ಕೋಣೆಯಲ್ಲಿ ಎಲ್ಲಿದೆ ಎಂದು ಎರಡಕ್ಕೂ ಗೊತ್ತಿಲ್ಲ. ಬಿಎಂಟಿಸಿ ಬಸ್‌ನಲ್ಲಿ ಕಣ್ಣು ಮುಚ್ಚಿ ಕೂತಿದ್ದೀರಿ ಎಂದುಕೊಳ್ಳಿ. ಬ್ರೇಕ್ ಹಾಕಿದ್ದು ಗೊತ್ತಾಗುತ್ತದೆ, ಎಡಕ್ಕೆ ತಿರುಗಿದ್ದು ಗೊತ್ತಾಗುತ್ತದೆ. ಮೆಜೆಸ್ಟಿಕ್ ಬಿಟ್ಟು ಹತ್ತು ನಿಮಿಷ ಆದ ಮೇಲೆ ಈಗ ಎಲ್ಲಿದ್ದೇನೆ ಎಂದು ಆ ನೆನಪಿನಿಂದಲೇ ಲೆಕ್ಕ ಹಾಕಿ ನೋಡಿ, ಎಲ್ಲೋ ಹೋಗಿಬಿಡುತ್ತದೆ. ರಿಮೋಟ್‌ಗೂ ಅದೇ ಕಷ್ಟ. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಜಾಗದ ಲೆಕ್ಕ ಮಾಡುವಾಗ ಆ ತಪ್ಪು ಸೆಕೆಂಡಿನಿಂದ ಸೆಕೆಂಡಿಗೆ ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ಗೇಮ್‌ಗಳು ಜಾಗದ ಲೆಕ್ಕವನ್ನೇ ಬಿಟ್ಟು, "ಬೀಸು ಬಂತಾ? ಯಾವಾಗ ಬಂತು? ಯಾವ ಕಡೆಗೆ?" ಇಷ್ಟನ್ನೇ ನೋಡುತ್ತವೆ. ಚಿಕ್ಕದಾಗಿ, ಚುರುಕಾಗಿ ತಿರುಗಿಸಿದರೆ ಸೆನ್ಸರ್‌ಗೆ ಅದು ಬಲವಾದ ಹೊಡೆತದ ಹಾಗೇ ಕಾಣುತ್ತದೆ. ನಿಮ್ಮ ಪೂರ್ತಿ ತೋಳಿನ ಬೀಸು ನಿಧಾನಕ್ಕೆ ಶುರುವಾಗುತ್ತದೆ, ಹಾಗಾಗಿ ತಡವಾಗಿ ಕಾಣುತ್ತದೆ.

ಇನ್ನೊಂದು, ಟಿವಿಯ ಲ್ಯಾಗ್. ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿದ್ದೀರಾ? ಇಲ್ಲದಿದ್ದರೆ ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ಕೂತು ತಡವಾಗಿ ತೋರಿಸುತ್ತದೆ. ನೀವು ಸೋಲುವುದಕ್ಕೆ ಅದೂ ಕಾರಣ ಇರಬಹುದು.

ಹಳೇ ವೀ ಅಭಿಮಾನಿ (ರಾಜಾಜಿನಗರ)

ಇದಕ್ಕೆ ಒಂದು ಇತಿಹಾಸ ಇದೆ, ಅದನ್ನು ಹೇಳದೆ ಇರಲು ಆಗುವುದಿಲ್ಲ.

2006ರಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಗೇಮ್ ಯಂತ್ರಕ್ಕೆ ವೀ ಸ್ಪೋರ್ಟ್ಸ್ ಬಂದಾಗ ಅದರಲ್ಲಿ ಐದು ಆಟ: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಆ ರಿಮೋಟ್‌ನಲ್ಲಿ ಗೈರೋಸ್ಕೋಪ್ ಇರಲಿಲ್ಲ. ಟೆನಿಸ್‌ನಲ್ಲಿ ಚೆಂಡು ಯಾವ ಕಡೆ ಹೋಗುತ್ತದೆ ಎನ್ನುವುದು ನೀವು ಬೇಗ ಬೀಸಿದಿರೋ ತಡವಾಗಿ ಬೀಸಿದಿರೋ ಎಂಬುದರ ಮೇಲೆ. ಗೊಂಬೆ ತಾನೇ ಓಡುತ್ತಿತ್ತು, ಆಗಲೂ. ಆದರೂ ಜಪಾನ್ ಮತ್ತು ದಕ್ಷಿಣ ಕೊರಿಯಾ ಬಿಟ್ಟು ಉಳಿದ ಕಡೆ ಯಂತ್ರದ ಜೊತೆಗೇ ಕೊಟ್ಟಿದ್ದರಿಂದ 8 ಕೋಟಿಗೂ ಹೆಚ್ಚು ಪ್ರತಿಗಳು ಮನೆಗಳನ್ನು ಸೇರಿದವು. ಜನ ಎಷ್ಟು ಜೋರಾಗಿ ಬೀಸಿದರು ಎಂದರೆ ರಿಮೋಟ್ ಕೈಗೆ ಕಟ್ಟುವ ದಾರ ಹರಿದು ಟಿವಿಗಳು ಒಡೆದವು. ಅದೇ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ಬದಲಾಯಿಸಿ ಕೊಡುವುದಾಗಿ ಹೇಳಿತು.

2009ರಲ್ಲಿ ವೀ ಸ್ಪೋರ್ಟ್ಸ್ ರೆಸಾರ್ಟ್ ಬಂತು. ರಿಮೋಟ್ ಕೆಳಗೆ ಸಿಕ್ಕಿಸುವ ಮೋಷನ್‌ಪ್ಲಸ್ ಎಂಬ ಚಿಕ್ಕ ಡಬ್ಬಿ, ಅದರಲ್ಲಿ ಗೈರೋಸ್ಕೋಪ್. ಆಟ 12. ಬಿಲ್ಲು ಬಾಣ, ಟೇಬಲ್ ಟೆನಿಸ್, ಕತ್ತಿ, ದೋಣಿ ಹುಟ್ಟು ಹಾಕುವುದು. ಬಿಲ್ಲು ಬಾಣದಲ್ಲಿ ಒಂದು ಕೈ ಮುಂದೆ ಚಾಚಿ ಇನ್ನೊಂದು ಕೈ ಹಿಂದಕ್ಕೆ ಎಳೆಯಬೇಕು, ಕೈ ನಡುಗಿದರೆ ಗುರಿ ನಡುಗುತ್ತದೆ. ಆ ಆಟದ ಮುಂದೆ ಈಗಲೂ ತಲೆ ಬಾಗುತ್ತೇನೆ.

ಆಮೇಲೆ ಹದಿಮೂರು ವರ್ಷ ಕಳೆದು, 2022ರ ಏಪ್ರಿಲ್‌ನಲ್ಲಿ ಅವರದೇ ಸ್ವಿಚ್ ಎಂಬ ಯಂತ್ರಕ್ಕೆ ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್. ಆಟ ಎಷ್ಟು? ಆರು. ಗಾಲ್ಫ್ ಬಂದಿದ್ದು ಆ ವರ್ಷದ ನವೆಂಬರ್‌ನಲ್ಲಿ, ಬಾಸ್ಕೆಟ್‌ಬಾಲ್ 2024ರಲ್ಲಿ. ಉಚಿತವಾಗಿಯೇ ಕೊಟ್ಟರು, ಒಪ್ಪುತ್ತೇನೆ. ಆದರೆ ಹದಿಮೂರು ವರ್ಷದ ಹಿಂದೆ 12 ಇದ್ದದ್ದು ಆರಕ್ಕೆ ಇಳಿದದ್ದು ನನಗೆ ನೋವು. ಶಟಲ್ ಅಪ್ಪ ಅವರು ಹೇಳಿದ "ಯಾಕೆ ತಪ್ಪಿತು ಎಂದು ಹೇಳುವುದಿಲ್ಲ" ಎನ್ನುವುದಕ್ಕೆ ನೇರವಾಗಿ ತಾಗುವ ವಿಷಯ ಇನ್ನೊಂದು. ಹಳೇ ವೀ ಸ್ಪೋರ್ಟ್ಸ್‌ನಲ್ಲಿ ಪ್ರತಿ ಆಟಕ್ಕೂ ಮೂರು ಮೂರು ತರಬೇತಿ ಆಟ ಇದ್ದವು. ಟೆನಿಸ್‌ನಲ್ಲಿ ಗೋಡೆಯ ಗುರಿಗೆ ಹೊಡೆಯುವುದು, ಬೌಲಿಂಗ್‌ನಲ್ಲಿ ಉಳಿದ ಪಿನ್ ಬೀಳಿಸುವುದು, ಹೀಗೆ. ಅದೇ ಒಂದೇ ಹೊಡೆತವನ್ನು ಮತ್ತೆ ಮತ್ತೆ ಆಡಿದಾಗ ತಪ್ಪು ನಮಗೇ ಗೊತ್ತಾಗುತ್ತಿತ್ತು. ಹೊಸದು ಬಂದಾಗ ಅಂಥ ತರಬೇತಿಯೇ ಇರಲಿಲ್ಲ. ನನ್ನ ಪ್ರಕಾರ ದೊಡ್ಡ ನಷ್ಟ ಅದು, ಆಟಗಳ ಸಂಖ್ಯೆಗಿಂತಲೂ.

ಎರಡನೇ ಮಹಡಿ (ವಿಜಯನಗರ)

ನೀವೆಲ್ಲ ಸೆನ್ಸರ್ ಬಗ್ಗೆ ಹೇಳುತ್ತಿದ್ದೀರಿ. ನಾನು ಮನೆಯ ಬಗ್ಗೆ ಹೇಳುತ್ತೇನೆ.

ನಮ್ಮ ಹಾಲ್ ಹತ್ತು ಅಡಿ ಹನ್ನೆರಡು ಅಡಿ. ಅದರಲ್ಲಿ ಸೋಫಾ, ಟೀಪಾಯಿ, ದಿವಾನ್, ಮೂಲೆಯಲ್ಲಿ ಮಡಚಿಟ್ಟ ಇಸ್ತ್ರಿ ಟೇಬಲ್. ಈ ಗೇಮ್‌ಗಳನ್ನು ಮಾಡಿದವರು ಯಾವ ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಅದು ನಮ್ಮ ಬಾಡಿಗೆ ಮನೆ ಅಲ್ಲ. ಅಣ್ಣನ ಮನೆಯಲ್ಲಿ ಎಕ್ಸ್‌ಬಾಕ್ಸ್ ಕಿನೆಕ್ಟ್ ಇತ್ತು. 2010ರದ್ದು, ರಿಮೋಟ್ ಇಲ್ಲದೆ ಕ್ಯಾಮೆರಾನೇ ಮೈಯನ್ನೆಲ್ಲ ನೋಡುವುದು. ಒಬ್ಬರು ಆಡಲು ಆರು ಅಡಿ ದೂರ, ಇಬ್ಬರಾದರೆ ಎಂಟು ಅಡಿ ದೂರ ನಿಲ್ಲಬೇಕು. ಎಂಟು ಅಡಿ ಹಿಂದೆ ಹೋದರೆ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲು.

ನನ್ನ ಮಗ ಟೆನಿಸ್ ಸರ್ವ್ ಮಾಡಲು ಹೋಗಿ ಟ್ಯೂಬ್‌ಲೈಟ್ ಒಡೆದ. ಚೂರು ಎಲ್ಲ ಅವನ ತಂಗಿಯ ಮೇಲೆ ಬಿತ್ತು, ದೇವರ ದಯೆ, ಕಣ್ಣಿಗೆ ಏನೂ ಆಗಲಿಲ್ಲ. ಆ ದಿನದಿಂದ ಫ್ಯಾನ್ ಆಫ್ ಮಾಡಿ, ಕೂತೇ ಆಡಬೇಕು ಎಂದು ನಿಯಮ. ಜಿಗಿದರೆ ಕೆಳಗಿನ ಮನೆಯ ಅಜ್ಜಿಗೆ ತೊಂದರೆ. ಅವರು ಮಧ್ಯಾಹ್ನ ಮಲಗುತ್ತಾರೆ, ಅವರದ್ದು ತಪ್ಪಲ್ಲ.

ಹಾಗಾಗಿ ಶಟಲ್ ಅಪ್ಪ ಅವರೇ, ಕಾಲು ಆಡಿಸುವ ಗೇಮ್ ಬಂದರೂ ನಮ್ಮಂಥ ಮನೆಯಲ್ಲಿ ಆಡುವುದು ಎಲ್ಲಿ?

ಇಬ್ಬನಿ (ಬನಶಂಕರಿ)

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಈಗ ಒಂದು ಮಾತು ಹೇಳಲೇಬೇಕು, ಯಾರೂ ಬೇಸರ ಮಾಡಿಕೊಳ್ಳಬೇಡಿ.

ನನಗೆ ಚಿಕ್ಕಂದಿನಲ್ಲಿ ಪೋಲಿಯೊ ಆಯಿತು. ಎಡಗಾಲಿಗೆ ಶಕ್ತಿ ಇಲ್ಲ, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದರೆ ಎಲ್ಲರ ಬ್ಯಾಗ್ ಕಾಯುವುದು ನನ್ನ ಕೆಲಸ. ಹತ್ತು ವರ್ಷ ಬ್ಯಾಗ್ ಕಾದೆ. ಟೆನಿಸ್ ಎಂದರೆ ಟಿವಿಯಲ್ಲಿ ನೋಡುವುದು, ಅಷ್ಟೇ.

ಮೂವತ್ತೆಂಟನೇ ವಯಸ್ಸಿನಲ್ಲಿ ಅಕ್ಕನ ಮಗನ ಜೊತೆ ಕುರ್ಚಿಯಲ್ಲಿ ಕೂತು ಮೊದಲ ಸಲ ಟೆನಿಸ್ ಆಡಿದೆ. ಗೊಂಬೆ ನನಗಾಗಿ ಓಡಿತು. ನೀವು ಎಲ್ಲರೂ ಅದನ್ನೇ ಕೊರತೆ ಎನ್ನುತ್ತಿದ್ದೀರಿ. ನನಗೆ ಮಾತ್ರ ಆಟಕ್ಕೆ ಒಂದು ಬಾಗಿಲು ತೆರೆದದ್ದು ಅದರಿಂದಲೇ. ಮಣಿಕಟ್ಟಿನ ಚಿಕ್ಕ ತಿರುವು ಸಾಕು ಎನ್ನುವುದನ್ನು ದಯವಿಟ್ಟು ತೆಗೆಯಿರಿ ಎಂದು ಕೇಳಬೇಡಿ.

ಹಾಗೆಂದು ನನಗೆ ದೂರು ಇಲ್ಲ ಎಂದಲ್ಲ. ಕಾಲಿನಿಂದ ಒದೆಯುವ ಆಟ ಬಂದರೆ ನಾನು ಪಕ್ಕಕ್ಕೆ ಕೂರಬೇಕು. ಎರಡು ಕೈ ಬೇಕಾದ ಆಟ ಬಂದರೆ ಒಂದು ಕೈ ಇರುವವರು ಪಕ್ಕಕ್ಕೆ ಕೂರಬೇಕು. ಅದೇ ಆಟವನ್ನು ಬೇರೆ ತರಹ ಆಡುವ ದಾರಿ ಎಲ್ಲ ಕಡೆ ಇರುವುದಿಲ್ಲ.

ಶಟಲ್ ಅಪ್ಪ (ಮಲ್ಲೇಶ್ವರ)

ಇಬ್ಬನಿ ಮೇಡಂ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನು ನನ್ನ ಮಗಳನ್ನಷ್ಟೇ ನೋಡಿ ಬರೆದಿದ್ದೆ. ನನ್ನ ಅಮ್ಮ ಕೂಡ ಮಂಡಿ ನೋವಿನಲ್ಲಿ ಕೂತೇ ಬೌಲಿಂಗ್ ಆಡುತ್ತಾರೆ, ಅದು ಕಣ್ಣ ಮುಂದೆ ಇದ್ದರೂ ಹೊಳೆಯಲಿಲ್ಲ.

ನನ್ನ ಮೊದಲ ಮಾತು ತಿದ್ದಿಕೊಳ್ಳುತ್ತೇನೆ. ಮಣಿಕಟ್ಟು ಸಾಕು ಎನ್ನುವುದು ಇರಲಿ. ಎಲ್ಲರಿಗೂ ಅದೊಂದೇ ಇರುವುದು ಸರಿಯಲ್ಲ. ನಿಲ್ಲಲು ಆಗುವವರಿಗೆ, ಓಡಲು ಆಸೆ ಇರುವ ಮಗುವಿಗೆ, ಜಾಸ್ತಿ ಕೇಳುವ ಒಂದು ಆಯ್ಕೆ ಬೇಕು. ಕೂತು ಆಡುವವರಿಗೆ ಕೂತು ಆಡುವ ಆಯ್ಕೆ ಬೇಕು. ಇಬ್ಬರೂ ಒಂದೇ ಪಂದ್ಯ ಆಡುವ ಹಾಗೆ ಇರಬೇಕು. ಅದನ್ನು ಮಾಡಲು ಆಗುವುದಿಲ್ಲವಾ ಸೆನ್ಸರ್ ಸರ್?

ಕಟ್ ಶಾಟ್ (ಹನುಮಂತನಗರ)

ಗುರುಗಳೇ, ಕ್ರಿಕೆಟ್ ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ! ಬೇಸ್‌ಬಾಲ್ ಇತ್ತು, ಗಾಲ್ಫ್ ಇದೆ, ಕತ್ತಿ ಬೀಸುವ ಚಂಬಾರಾ ಇದೆ. ಮೇಲೆ ಹೇಳಿದ ಮೂರೂ ಗೇಮ್‌ನಲ್ಲಿ ಕ್ರಿಕೆಟ್ ಇಲ್ಲ. ಚಿನ್ನಸ್ವಾಮಿಯ ಊರಿನಲ್ಲಿ ಕೂತು ಬೇಸ್‌ಬಾಲ್ ಆಡಬೇಕಾ? ಕಬಡ್ಡಿ, ಖೋಖೋ ಅಂತೂ ಕನಸಿನಲ್ಲೂ ಇಲ್ಲ.

ಆದರೆ ಮೇಲಿನ ಸೆನ್ಸರ್ ಪಾಠ ಓದಿದ ಮೇಲೆ ಯೋಚಿಸಿದೆ. ಕ್ರಿಕೆಟ್ ಬಂದರೂ ಏನಾಗುತ್ತದೆ? ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ತೆಗೆದುಕೊಳ್ಳಿ. ನಮ್ಮಪ್ಪ ಇವತ್ತಿಗೂ ಊಟದ ಮಧ್ಯೆ ಎದ್ದು ಅದನ್ನು ಮಾಡಿ ತೋರಿಸುತ್ತಾರೆ. ಹಿಂದಿನ ಕಾಲು ಅಡ್ಡಕ್ಕೆ ಹೋಗಬೇಕು, ಚೆಂಡನ್ನು ತಡವಾಗಿ ಹತ್ತಿರ ಬಿಟ್ಟುಕೊಳ್ಳಬೇಕು, ಕೊನೆಗೆ ಮಣಿಕಟ್ಟು. ಗೇಮ್‌ಗೆ ಸಿಗುವುದು ಕೊನೆಯ ಆ ಮಣಿಕಟ್ಟು ಮಾತ್ರ. ಫ್ರಂಟ್ ಫುಟ್ ಯಾವುದು, ಬ್ಯಾಕ್ ಫುಟ್ ಯಾವುದು ಎಂದೇ ಗೊತ್ತಾಗದ ಗೇಮ್‌ನಲ್ಲಿ ಡ್ರೈವ್‌ಗೂ ಕಟ್‌ಗೂ ಏನು ವ್ಯತ್ಯಾಸ ಉಳಿಯುತ್ತದೆ? ಹಾಗಾಗಿ ಕಾಲಿನ ಪ್ರಶ್ನೆ ಶಟಲ್‌ನದ್ದು ಮಾತ್ರ ಅಲ್ಲ.

ಎರಡನೇ ಮಹಡಿ (ವಿಜಯನಗರ)

ಇನ್ನೊಂದು ಮರೆತಿದ್ದೆ. ಸ್ವಿಚ್ ಸ್ಪೋರ್ಟ್ಸ್‌ನಲ್ಲಿ ಹೊಸ ಬಟ್ಟೆ, ಹೊಸ ರ‍್ಯಾಕೆಟ್ ಸಿಗುವ ಅಂಕಗಳನ್ನು ಆನ್‌ಲೈನ್ ಕಡೆಗೆ ಇಟ್ಟಿದ್ದಾರೆ. ಹೊರಗಿನವರ ಜೊತೆ ಆಡಲು ಹಣ ಕಟ್ಟಿ ಸದಸ್ಯರಾಗಬೇಕು. ಅಣ್ಣ ತಂಗಿ ಪಕ್ಕಪಕ್ಕ ನಿಂತು ಇಡೀ ಸಂಜೆ ಆಡಿದರೂ ಆ ಅಂಕ ಇಲ್ಲ. ಮನೆಯವರೆಲ್ಲ ಸೇರಿ ಆಡಲಿ ಎಂದು ತಾನೇ ಇಂಥ ಗೇಮ್ ತರುವುದು? ಮನೆಯವರ ಜೊತೆ ಆಡಿದ ಮಗುವಿಗೆ ಏನೂ ಕೊಡದೆ, ಗುರುತಿಲ್ಲದವರ ಜೊತೆ ಆಡಿದರೆ ಬಹುಮಾನ ಕೊಡುವುದು ತಾಯಿಯಾಗಿ ನನಗೆ ಒಪ್ಪಿಗೆ ಇಲ್ಲ.

ಹಳೇ ವೀ ಅಭಿಮಾನಿ (ರಾಜಾಜಿನಗರ)

ಮೇಡಂ, ನೂರಕ್ಕೆ ನೂರು. ಹಳೆಯದರಲ್ಲಿ ಬಟ್ಟೆ ಇರಲಿಲ್ಲ, ಅಂಕದ ಪಟ್ಟಿ ಇತ್ತು. ಒಬ್ಬೊಬ್ಬರ ಗೆರೆ ಮೇಲೆ ಹೋಗಿದ್ದು ಕೆಳಗೆ ಇಳಿದದ್ದು ಕಾಣುತ್ತಿತ್ತು. ನನ್ನ ಹೆಂಡತಿಯ ಬೌಲಿಂಗ್ ಗೆರೆ ಇವತ್ತಿಗೂ ನನ್ನದಕ್ಕಿಂತ ಮೇಲಿದೆ.

ಸೆನ್ಸರ್ ಕೆಲಸ (ಪೀಣ್ಯ)

ಶಟಲ್ ಅಪ್ಪ ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಿನ್ನೆ ರಾತ್ರಿ ಇದನ್ನೇ ಯೋಚಿಸಿದೆ. ಉತ್ತರ ಸ್ವಿಚ್ ಸ್ಪೋರ್ಟ್ಸ್ ಬರುವ ಡಬ್ಬಿಯೊಳಗೇ ಇದೆ.

ಸ್ವಿಚ್ ಸ್ಪೋರ್ಟ್ಸ್‌ನ ಫುಟ್‌ಬಾಲ್‌ಗೆ ತೊಡೆಗೆ ಕಟ್ಟುವ ಒಂದು ಪಟ್ಟಿ ಕೊಡುತ್ತಾರೆ. ಜಾಯ್‌ಕಾನ್ ಎಂಬ ಚಿಕ್ಕ ರಿಮೋಟನ್ನು ಅದರಲ್ಲಿ ಸಿಕ್ಕಿಸಿ ಕಾಲು ಬೀಸಿದರೆ ಗೊಂಬೆ ಒದೆಯುತ್ತದೆ. ಮೊದಲಿಗೆ ಅದು ಗೋಲಿಗೆ ಒದೆಯುವ ಶೂಟ್‌ಔಟ್ ಆಟಕ್ಕೆ ಮಾತ್ರ ಇತ್ತು, 2022ರ ಜುಲೈ ಅಪ್‌ಡೇಟ್ ಆದಮೇಲೆ ಪೂರ್ತಿ ಪಂದ್ಯಕ್ಕೂ ಬಂತು. ಅಂದರೆ ಕಾಲನ್ನು ಓದುವ ಸೌಕರ್ಯ ಆಗಲೇ ಇದೆ. ಸೆನ್ಸರ್ ಇದೆ, ಪಟ್ಟಿ ಇದೆ, ಒಂದು ಜೊತೆಯಲ್ಲಿ ಜಾಯ್‌ಕಾನ್ ಎರಡು ಇವೆ. ಶಟಲ್‌ಗೆ ಬೇಕಾಗಿರುವುದು ಒಂದೇ. ಒಂದನ್ನು ಕೈಯಲ್ಲಿ ಹಿಡಿ, ಇನ್ನೊಂದನ್ನು ತೊಡೆಗೆ ಕಟ್ಟು.

ಲಂಜ್ ಮಾಡುವಾಗ, ಅಂದರೆ ಒಂದು ಕಾಲನ್ನು ಉದ್ದಕ್ಕೆ ಮುಂದಿಡುವಾಗ, ತೊಡೆ ಮುಂದಕ್ಕೆ ಏಳುತ್ತದೆ, ಗೈರೋಸ್ಕೋಪ್‌ಗೆ ಅದು ಚೆನ್ನಾಗಿ ಕಾಣುತ್ತದೆ. ಕೋಣೆಯಲ್ಲಿ ಎಲ್ಲಿದ್ದೀರಿ ಎಂದು ಗೊತ್ತಾಗುವ ಅಗತ್ಯವೇ ಇಲ್ಲ. "ಹೆಜ್ಜೆ ಇಟ್ಟರಾ? ಹೊಡೆತಕ್ಕೆ ಮುಂಚೆ ಇಟ್ಟರಾ, ಆಮೇಲೆ ಇಟ್ಟರಾ?" ಇಷ್ಟು ಗೊತ್ತಾದರೆ ಸಾಕು. ಒಂದೇ ಹೆಜ್ಜೆ ಆದ್ದರಿಂದ ಹತ್ತು ಅಡಿ ಹಾಲ್‌ನಲ್ಲೂ ನಡೆಯುತ್ತದೆ, ವಿಜಯನಗರದ ಮೇಡಂ ಕೇಳಿದ್ದಕ್ಕೂ ಸ್ವಲ್ಪ ಉತ್ತರ ಸಿಕ್ಕಿತು. ಜಿಗಿಯುವುದು ಬೇಡ. ಪಟ್ಟಿ ಕಟ್ಟದಿದ್ದರೆ ಈಗಿನ ಹಾಗೆ ಗೊಂಬೆ ತಾನೇ ಓಡಲಿ. ಇಬ್ಬನಿ ಅವರು ಕೂತು, ಶಟಲ್ ಅಪ್ಪ ಅವರ ಮಗಳು ನಿಂತು, ಒಂದೇ ಪಂದ್ಯ.

ಹೊಡೆತಕ್ಕೆ ಮುಂಚೆ ಹೆಜ್ಜೆ ಬಂತೋ ಇಲ್ಲವೋ ಎಂದು ಗೇಮ್‌ಗೆ ಗೊತ್ತಾದ ಕೂಡಲೇ, ಯಾಕೆ ತಪ್ಪಿತು ಎಂದು ಹೇಳಲೂ ಅದಕ್ಕೆ ಸಾಧ್ಯ. ಇದನ್ನು ಯಾಕೆ ಮಾಡಲಿಲ್ಲ ಎಂದು ನನಗೆ ನಿಜವಾಗಿ ಸಂಕಟ ಆಗುತ್ತದೆ.

ಇಬ್ಬನಿ (ಬನಶಂಕರಿ)

ನನಗೆ ಇದು ಪೂರ್ತಿ ಒಪ್ಪಿಗೆ. ಸೇರಿಸುವುದು ಒಂದೇ: ಹೆಜ್ಜೆ ಇಟ್ಟವರಿಗೆ ಜಾಸ್ತಿ ಅಂಕ ಎಂದು ಮಾಡಬೇಡಿ. ಹಾಗೆ ಮಾಡಿದರೆ ನಾನು ಮತ್ತೆ ಬ್ಯಾಗ್ ಕಾಯಬೇಕಾಗುತ್ತದೆ.

ಶಟಲ್ ಅಪ್ಪ (ಮಲ್ಲೇಶ್ವರ)

ಸೇರಿಸಿಕೊಂಡೆ ಮೇಡಂ. ಅದು ಇರಲೇಬೇಕು.

ನಮ್ಮ ಮನೆಯ ಸುದ್ದಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದೆ, ತುಂಬಾ ವ್ಯತ್ಯಾಸ ಆಯಿತು, ಧನ್ಯವಾದ ಸರ್. ಹಾಲ್ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಾಲ್ಕು ಗುರುತು ಹಾಕಿದ್ದೇನೆ. ಪ್ರತಿ ಹೊಡೆತಕ್ಕೂ ಮಗಳು ಒಂದು ಗುರುತಿಗೆ ಕಾಲಿಟ್ಟು ನಡುವಿಗೆ ವಾಪಸ್ ಬರಬೇಕು. ಗೇಮ್ ಅದನ್ನು ನೋಡುವುದಿಲ್ಲ, ನಾನು ನೋಡುತ್ತೇನೆ. ಎರಡು ದಿನ ಗೊಣಗಿದಳು. ಈಗ ಅವಳೇ ಅಜ್ಜಿಗೆ "ಕಾಲು, ಕಾಲು" ಎನ್ನುತ್ತಾಳೆ, ಅಜ್ಜಿ ಕುರ್ಚಿಯಲ್ಲೇ ಕೂತು ಪಾದ ಎತ್ತಿ ಇಡುತ್ತಾರೆ.

ವೀ ಅಭಿಮಾನಿ ಸರ್, ಒಂದು ಕೇಳಬಹುದಾ? ನಿಮ್ಮ ಹಳೇ ಯಂತ್ರ ಇನ್ನೂ ನಡೆಯುತ್ತದೆಯಾ? ಆ ತರಬೇತಿ ಆಟಗಳನ್ನು ಮಗಳಿಗೆ ಒಮ್ಮೆ ತೋರಿಸಬೇಕು ಎಂದು ಆಸೆ.

ಹಳೇ ವೀ ಅಭಿಮಾನಿ (ರಾಜಾಜಿನಗರ)

ನಡೆಯುತ್ತದೆ ಸರ್. ಟಿವಿ ಹತ್ತಿರ ಇಡುವ ಸೆನ್ಸರ್ ಬಾರ್‌ನ ವೈರ್ ಒಂದು ಕಡೆ ಸವೆದಿದೆ, ಟೇಪ್ ಸುತ್ತಿದ್ದೇನೆ. ಭಾನುವಾರ ಹತ್ತು ಗಂಟೆ ಮೇಲೆ ಬನ್ನಿ, ಅಮ್ಮನವರನ್ನೂ ಕರೆದುಕೊಂಡು ಬನ್ನಿ, ನಮ್ಮದು ನೆಲಮಹಡಿ, ಮೆಟ್ಟಿಲು ಇಲ್ಲ. ಟೀಪಾಯಿ ಹೊರಗೆ ಇಟ್ಟಿರುತ್ತೇನೆ. ಇಬ್ಬನಿ ಮೇಡಂ, ನಿಮಗೂ ಬಿಡುವಿದ್ದರೆ ಬನ್ನಿ. ಬೌಲಿಂಗ್‌ನಲ್ಲಿ ನನ್ನ ಹೆಂಡತಿಯ ಗೆರೆಯನ್ನು ಯಾರೂ ಇನ್ನೂ ದಾಟಿಲ್ಲ.